ಕ್ರಾಮ್‌ವೆಲ್‌ಗೂ ಮೇಲಿದ್ದ ದಂಡನಾಯಕ: ಥಾಮಸ್ ಫೇರ್‌ಫ್ಯಾಕ್ಸ್ ಸುತ್ತಲಿನ ಚರ್ಚೆ

ಇಂಗ್ಲೆಂಡಿನ ಅಂತರ್ಯುದ್ಧದ ಮಾತು ಬಂದರೆ ಥಟ್ಟನೆ ನೆನಪಾಗುವವರು ಇಬ್ಬರು: ತಲೆದಂಡ ತೆತ್ತ ದೊರೆ ಒಂದನೆಯ ಚಾರ್ಲ್ಸ್, ಅವನನ್ನು ಮಣಿಸಿದ ಆಲಿವರ್ ಕ್ರಾಮ್‌ವೆಲ್. ಆದರೆ 1645ರ ವಸಂತದಿಂದ 1650ರ ಜೂನ್‌ವರೆಗೆ ಪಾರ್ಲಿಮೆಂಟಿನ ಮುಖ್ಯ ಸೇನೆ ನಡೆದದ್ದು ಯಾರ್ಕ್‌ಷೈರಿನ ಸರ್ ಥಾಮಸ್ ಫೇರ್‌ಫ್ಯಾಕ್ಸ್‌ನ ಆಜ್ಞೆಯಲ್ಲಿ. ಕ್ರಾಮ್‌ವೆಲ್ ಅವನ ಕೈಕೆಳಗೆ ಅಶ್ವದಳ ನಡೆಸುತ್ತಿದ್ದ ಅಧಿಕಾರಿ. ನೇಸ್‌ಬಿಯಲ್ಲಿ ದೊರೆಯ ಸೈನ್ಯ ನುಚ್ಚುನೂರಾದ ದಿನ ಸೇನಾಪತಿಯಾಗಿದ್ದವನು ಫೇರ್‌ಫ್ಯಾಕ್ಸ್. ದೊರೆಯ ಶಿರಚ್ಛೇದವಾದ ದಿನವೂ ಸೇನಾಪತಿ ಅವನೇ. ಮೊದಲ ದಿನದ ಕೀರ್ತಿ ಅವನಿಗೆ ಪೂರ್ತಿ ಸಲ್ಲಲಿಲ್ಲ. ಎರಡನೆಯ ದಿನದ ಹೊಣೆಯನ್ನು ಅವನು ಹೊತ್ತುಕೊಳ್ಳಲಿಲ್ಲ.

ಮೂರೂವರೆ ಶತಮಾನದ ಚರ್ಚೆ ಹುಟ್ಟಿರುವುದು ಇಲ್ಲಿಂದಲೇ. ಪಾರ್ಲಿಮೆಂಟಿನ ಗೆಲುವನ್ನು ಕಟ್ಟಿದವನು ಇವನೋ, ಇಲ್ಲ ಚತುರರು ಮುಂದೆ ನಿಲ್ಲಿಸಿಕೊಂಡ ಮರ್ಯಾದಸ್ಥ ಹೆಸರೋ? ದೊರೆಯ ಹತ್ಯೆಯನ್ನು ತಡೆಯುವ ಶಕ್ತಿಯಿದ್ದೂ ಸುಮ್ಮನಿದ್ದನೋ, ಆ ಹೊತ್ತಿಗೆ ಅವನ ಕೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲವೋ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು ರೂಢಿ. ಎರಡಕ್ಕೂ ಒಂದೇ ಬೇರು ಎಂಬುದು ನನ್ನ ವಾದ. ಅವನ ಹೆಸರಿಗಿದ್ದ ಮಾನ್ಯತೆಯೇ ಆ ಸೇನೆಯನ್ನು ಜನ ಒಪ್ಪುವಂತೆ ಮಾಡಿತು. ಅದೇ ಮಾನ್ಯತೆಯಿಂದಾಗಿ ಅವನ ಮೌನವೂ ಒಂದು ಕೃತ್ಯವಾಯಿತು.

ಉಣ್ಣೆ ಊರುಗಳ ನಾಯಕ

ಫೇರ್‌ಫ್ಯಾಕ್ಸ್ ಹುಟ್ಟಿದ್ದು 1612ರ ಜನವರಿಯಲ್ಲಿ, ಯಾರ್ಕ್‌ಷೈರಿನ ಡೆಂಟನ್‌ನಲ್ಲಿ. ಅಜ್ಜನ ಕಾಲದಿಂದಲೂ ಯುದ್ಧವೇ ಕಸುಬಾಗಿದ್ದ ಮನೆತನ. ಕೇಂಬ್ರಿಜ್‌ನಲ್ಲಿ ಓದಿ, ನೆದರ್ಲೆಂಡ್ಸ್‌ನಲ್ಲಿ ಸರ್ ಹೊರೇಸ್ ವಿಯರ್‌ನ ಕೆಳಗೆ ಸೈನಿಕ ವಿದ್ಯೆ ಕಲಿತ. ಮುಂದೆ 1637ರಲ್ಲಿ ಆ ಗುರುವಿನ ಮಗಳು ಆ್ಯನ್‌ಳನ್ನೇ ಮದುವೆಯಾದ. ಮೈಬಣ್ಣ ಕಪ್ಪಾಗಿದ್ದುದರಿಂದ ಜನ ಅವನನ್ನು ‘ಬ್ಲ್ಯಾಕ್ ಟಾಮ್’ ಎಂದು ಕರೆದರು.

1642ರ ಜೂನ್‌ನಲ್ಲಿ, ಯುದ್ಧ ಇನ್ನೂ ಶುರುವಾಗದಿದ್ದಾಗ, ಯಾರ್ಕ್ ಬಳಿಯ ಹೆವರ್ತ್ ಬಯಲಿನಲ್ಲಿ ದೊರೆ ಜನರನ್ನು ಸೇರಿಸಿದ್ದ. ಪಾರ್ಲಿಮೆಂಟಿನೊಡನೆ ರಾಜಿಯಾಗಬೇಕೆಂಬ ಮನವಿಪತ್ರ ಹಿಡಿದು ಫೇರ್‌ಫ್ಯಾಕ್ಸ್ ಗುಂಪಿನ ನಡುವೆ ನುಗ್ಗಿ ಹೋದ. ದೊರೆ ಅದನ್ನು ಮುಟ್ಟಲೊಲ್ಲದೆ ಕುದುರೆ ತಿರುಗಿಸಿದಾಗ ಪತ್ರವನ್ನು ಅವನ ಜೀನಿನ ಮೇಲೆಯೇ ಇರಿಸಿದ. ಅವನ ಮುಂದಿನ ನಡೆಗಳನ್ನೆಲ್ಲ ಅರ್ಥ ಮಾಡಿಕೊಳ್ಳಲು ಈ ಘಟನೆ ನೆರವಾಗುತ್ತದೆ. ದೊರೆಯನ್ನು ಅಳಿಸುವ ಆಸೆ ಅವನಿಗೆ ಎಂದೂ ಇರಲಿಲ್ಲ. ದೊರೆ ಕಿವಿಗೊಡಬೇಕು ಎಂಬುದಷ್ಟೇ ಅವನ ಹಟ.

ಯುದ್ಧ ಶುರುವಾದ ಮೇಲೆ ತಂದೆ ಫರ್ಡಿನಾಂಡೊ ಉತ್ತರದ ಸೇನಾಪತಿ, ಮಗ ಅಶ್ವದಳದ ನಾಯಕ. ಅವರ ಬೆನ್ನಿಗೆ ನಿಂತದ್ದು ಲೀಡ್ಸ್, ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸ್‌ನಂಥ ಬಟ್ಟೆ ನೇಯುವ ಊರುಗಳು. ದೊರೆಯ ಪಕ್ಷದ ಸೈನ್ಯ ದಾರಿ ಕಟ್ಟಿದಾಗ ಅಲ್ಲಿನ ನೇಕಾರರ ಬಟ್ಟೆಯೂ ಹೊರಗೆ ಹೋಗುತ್ತಿರಲಿಲ್ಲ, ಕಾಳೂ ಒಳಗೆ ಬರುತ್ತಿರಲಿಲ್ಲ. ಕೋಲು, ಕುಡುಗೋಲು ಹಿಡಿದೇ ಅವರು ಬೀದಿಗಿಳಿದರು. ಇತಿಹಾಸಕಾರ ಬ್ರಯನ್ ಮ್ಯಾನಿಂಗ್ 1976ರಲ್ಲಿ ಬರೆದ ಗ್ರಂಥದಲ್ಲಿ ಒತ್ತಿ ಹೇಳಿದ್ದು ಇಂಥ ಜನರ ಪಾಲನ್ನು. ಮೇಲ್ವರ್ಗದ ಜಗಳಕ್ಕೆ ಜನ ಹಿಂಬಾಲಕರಾದರು ಎಂಬ ಹಳೆಯ ಚಿತ್ರವನ್ನು ಅವರು ತಿರುಗಿಸಿದರು: ನಡುವರ್ಗದ ದುಡಿಯುವವರು ಮೊದಲು ಎದ್ದರು, ನಾಯಕರು ಅವರ ವೇಗಕ್ಕೆ ಹೊಂದಿಕೊಂಡರು. ಫೇರ್‌ಫ್ಯಾಕ್ಸ್ ವಿಷಯದಲ್ಲಿ ಈ ವಿವರಣೆ ಬಹುಮಟ್ಟಿಗೆ ಹೊಂದುತ್ತದೆ. ಈ ಊರುಗಳ ಜನ ವಿಳಂಬ ಸಹಿಸುತ್ತಿಲ್ಲ ಎಂದು ಅವನೇ ತಂದೆಗೆ ಬರೆದಿದ್ದ. ಆದರೆ ಅದೇ ಜನಬಲ 1649ರಲ್ಲಿ ಅವನ ಎದುರೇ ನಿಂತಾಗ ಅವನು ಯಾಕೆ ಅಷ್ಟು ಕಠಿಣನಾದ ಎಂಬುದನ್ನು ಈ ವಾದ ವಿವರಿಸಲಾರದು.

1643ರ ಮೇ 21ರಂದು ವೇಕ್‌ಫೀಲ್ಡ್ ಮೇಲೆ ಬಿದ್ದಾಗ ಅವನ ಬಳಿ ಇದ್ದವರು ಸುಮಾರು 1,500 ಮಂದಿ. ಸೆರೆ ಸಿಕ್ಕವರೇ ಹೆಚ್ಚುಕಡಿಮೆ ಅಷ್ಟಿದ್ದರು. ಅವರಲ್ಲಿ ರಾಜಪಕ್ಷದ ಜನರಲ್ ಜಾರ್ಜ್ ಗೋರಿಂಗ್ ಕೂಡ ಒಬ್ಬ. ಆರು ವಾರ ಕಳೆಯುವುದರೊಳಗೆ, ಜೂನ್ 30ರಂದು, ಆ್ಯಡ್‌ವಾಲ್ಟನ್ ಬಯಲಿನಲ್ಲಿ ಎಲ್ಲ ಕಳೆದುಹೋಯಿತು. ಬ್ರಾಡ್‌ಫರ್ಡ್‌ನಿಂದ ಶತ್ರುಗಳ ಸಾಲು ಸೀಳಿಕೊಂಡು ಹೊರಟಾಗ ಹೆಂಡತಿ ಸೆರೆಯಾದಳು. ಸೆಲ್ಬಿ ಊರಿನಲ್ಲಿ ಅವನ ಮಣಿಕಟ್ಟಿಗೆ ಗುಂಡು ಹೊಕ್ಕಿತು. ಐದು ವರ್ಷದ ಮಗಳು ಮೇರಿಯನ್ನು ದಾದಿ ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಜೊತೆಗೆ ಬರುತ್ತಿದ್ದಳು. ದಾರಿಯಲ್ಲಿ ಮಗುವಿಗೆ ಪ್ರಜ್ಞೆ ತಪ್ಪಿತು. ಬದುಕುವ ಭರವಸೆಯಿಲ್ಲದೆ ಅದನ್ನು ಒಂದು ಮನೆಯಲ್ಲಿ ಬಿಟ್ಟು, ರಕ್ತ ಸುರಿಯುತ್ತಿದ್ದ ಕೈಯಲ್ಲೇ ಅವನು ಹಂಬರ್ ನದೀಮುಖ ದಾಟಿ ಹಲ್ ಕೋಟೆ ಸೇರಿದ. ಮಾರನೆಯ ದಿನ ಹಡಗು ಕಳಿಸಿ ಮಗುವನ್ನು ತರಿಸಿಕೊಂಡ. ಎದುರಾಳಿ ನ್ಯೂಕ್ಯಾಸಲ್ ಅವನ ಹೆಂಡತಿಯನ್ನು ತನ್ನದೇ ಸಾರೋಟಿನಲ್ಲಿ ಕೂರಿಸಿ ಗೌರವದಿಂದ ಹಿಂದಿರುಗಿಸಿದ. ಎರಡೂ ಪಕ್ಷಗಳು ಇನ್ನೂ ಪರಸ್ಪರರನ್ನು ಮನುಷ್ಯರೆಂದು ಕಾಣುತ್ತಿದ್ದ ದಿನಗಳು ಅವು. ಐದು ವರ್ಷಗಳ ನಂತರದ ಕೋಲ್ಚೆಸ್ಟರ್ ಇಷ್ಟೊಂದು ಕಲಕುವುದು ಇದಕ್ಕಾಗಿಯೇ.

ಎಲ್ಲರೂ ಒಪ್ಪಿದ ಹೆಸರು

1644ರ ಜುಲೈ 2ರಂದು ಮಾರ್ಸ್‌ಟನ್ ಬಯಲಿನಲ್ಲಿ ಫೇರ್‌ಫ್ಯಾಕ್ಸ್ ನಡೆಸಿದ ಬಲಪಾರ್ಶ್ವ ಚದುರಿಹೋಯಿತು. ಶತ್ರುಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡವನು ಟೋಪಿಯಲ್ಲಿದ್ದ ಬಿಳಿ ಗುರುತನ್ನು ಕಿತ್ತು, ಅವರವನಂತೆಯೇ ಅವರ ಸಾಲುಗಳ ಮೂಲಕ ಹಾದು, ಎಡಪಾರ್ಶ್ವದಲ್ಲಿ ಗೆಲ್ಲುತ್ತಿದ್ದ ತನ್ನವರನ್ನು ಕೂಡಿಕೊಂಡ. ಕೆನ್ನೆಗೆ ಕತ್ತಿಯೇಟು ಬಿದ್ದಿತ್ತು. ತಮ್ಮ ಚಾರ್ಲ್ಸ್ ಗಾಯದಿಂದ ಸತ್ತ. ಗೆಲುವಿನ ಕೀರ್ತಿ ಎಡಪಾರ್ಶ್ವದ ಕ್ರಾಮ್‌ವೆಲ್‌ಗೆ ಹೋಯಿತು. ಆ ದಿನಕ್ಕೆ ಅದು ನ್ಯಾಯವೇ.

ಹಾಗಿದ್ದೂ 1645ರ ಜನವರಿ 21ರಂದು ಕೆಳಮನೆ ಹೊಸ ಮಾದರಿಯ ಸೇನೆಗೆ ನಾಯಕನನ್ನು ಆರಿಸುವಾಗ 69ಕ್ಕೆ 101 ಮತಗಳಿಂದ ಫೇರ್‌ಫ್ಯಾಕ್ಸ್‌ನನ್ನು ಆರಿಸಿತು. ಅವನಿಗಾಗ 33 ವರ್ಷ. ಕಾರಣ ಏನು? ಹಳೆಯ ನಾಯಕರಾದ ಎಸೆಕ್ಸ್ ಮತ್ತು ಮ್ಯಾಂಚೆಸ್ಟರ್ ದೊರೆಯನ್ನು ಪೂರ್ತಿ ಸೋಲಿಸಲು ಹಿಂಜರಿಯುತ್ತಾರೆ ಎಂಬ ದೂರಿತ್ತು. ಉಭಯ ಸದನಗಳ ಸದಸ್ಯರು ಸೇನಾಪದವಿ ಬಿಡಬೇಕೆಂಬ ‘ಸ್ವಯಂತ್ಯಾಗ’ದ ಶಾಸನ ಏಪ್ರಿಲ್ 3ರಂದು ಜಾರಿಗೆ ಬಂತು. ಫೇರ್‌ಫ್ಯಾಕ್ಸ್ ಯಾವ ಸದನದಲ್ಲೂ ಇರಲಿಲ್ಲ. ಯಾವ ಬಣದ ಮುದ್ರೆಯೂ ಅವನ ಮೇಲಿರಲಿಲ್ಲ.

ಈ ನೇಮಕದ ಅರ್ಥದ ಬಗ್ಗೆ ಇಬ್ಬರು ಇತಿಹಾಸಕಾರರು ಎದುರುಬದುರು ನಿಂತಿದ್ದಾರೆ. ಮಾರ್ಕ್ ಕಿಶ್ಲಾನ್ಸ್ಕಿ 1979ರ ತಮ್ಮ ಗ್ರಂಥದಲ್ಲಿ, ಹೊಸ ಸೇನೆ ಹುಟ್ಟಿದ್ದು ರಾಜಿಯಿಂದ, ಕ್ರಾಂತಿಯ ಉದ್ದೇಶದಿಂದಲ್ಲ ಎಂದರು. ಹಳೆಯ ಸೇನೆಗಳ ಉಳಿಕೆಗಳನ್ನು ಒಟ್ಟುಗೂಡಿಸಿ, ಎಲ್ಲರಿಗೂ ಒಪ್ಪಿಗೆಯಾಗುವ ನಾಯಕನನ್ನು ಇರಿಸಿದರು. ರಾಜಕೀಯ ಹೊಕ್ಕಿದ್ದು 1647ರಲ್ಲಿ ಸಂಬಳ ಬಾಕಿಯ ಜಗಳದಿಂದ. ಇಯನ್ ಜೆಂಟಲ್ಸ್ 1992ರಲ್ಲಿ ಇದನ್ನು ಒಪ್ಪಲಿಲ್ಲ. ಆರಂಭದಿಂದಲೇ ಆ ಸೇನೆಯಲ್ಲಿ ಧಾರ್ಮಿಕ ಆವೇಶವಿತ್ತು, ಅಧಿಕಾರಿಗಳ ಪಟ್ಟಿಯ ಬಗ್ಗೆ ಮೇಲ್ಮನೆ ಅಷ್ಟು ಜಗಳವಾಡಿದ್ದು ಸುಮ್ಮನೆ ಅಲ್ಲ ಎಂಬುದು ಅವರ ವಾದ. ನನಗೆ ಜೆಂಟಲ್ಸ್ ಸೈನಿಕರ ವಿಷಯದಲ್ಲಿ ಸರಿ, ಕಿಶ್ಲಾನ್ಸ್ಕಿ ನಾಯಕನ ವಿಷಯದಲ್ಲಿ ಸರಿ ಎನಿಸುತ್ತದೆ. ಆವೇಶವಿದ್ದ ಸೇನೆಗೆ ಮಧ್ಯಮಮಾರ್ಗಿಯೊಬ್ಬ ಮುಖ್ಯಸ್ಥನಾಗಿದ್ದರಿಂದಲೇ ದೇಶ ಅದನ್ನು ಸಹಿಸಿತು.

ಇಲ್ಲಿ ಒಂದು ಸಣ್ಣ ವಿವರವನ್ನು ಮರೆಯಬಾರದು. ಹಿಂದಿನ ಸೇನಾಪತಿಗಳ ಸನ್ನದಿನಲ್ಲಿ ದೊರೆಯ ದೇಹರಕ್ಷಣೆಯ ಮಾತಿತ್ತು. ಫೇರ್‌ಫ್ಯಾಕ್ಸ್‌ಗೆ ಕೊಟ್ಟ ಸನ್ನದಿನಲ್ಲಿ ಅದನ್ನು ಕೈಬಿಡಲಾಯಿತು. ಅವನು ಅದನ್ನು ಹಾಗೆಯೇ ಸ್ವೀಕರಿಸಿದ.

ನೇಸ್‌ಬಿಯ ಗೆಲುವು ಯಾರದು?

1645ರ ಜೂನ್ 14ರ ಬೆಳಿಗ್ಗೆ ನೇಸ್‌ಬಿಯಲ್ಲಿ ಪಾರ್ಲಿಮೆಂಟಿನ ಕಡೆ ಸುಮಾರು 14,000 ಮಂದಿ, ದೊರೆಯ ಕಡೆ ಅದಕ್ಕಿಂತ ಬಹಳ ಕಡಿಮೆ. ಬಲಪಾರ್ಶ್ವದಲ್ಲಿ ಕ್ರಾಮ್‌ವೆಲ್ ಗೆದ್ದು, ಓಡುವವರನ್ನು ಅಟ್ಟಿಸಿಕೊಂಡು ಹೋಗದೆ ನಡುವಿನ ಕಾಲಾಳುಗಳ ಮೇಲೆ ತಿರುಗಿದ. ದಿನದ ಹಣೆಬರಹ ಬದಲಾದದ್ದು ಅಲ್ಲಿ. ಕ್ರಾಮ್‌ವೆಲ್ ಪಕ್ಷದವರು ನಿಲ್ಲುವುದೂ ಅಲ್ಲಿಯೇ. ಆದರೆ ಪಾರ್ಲಿಮೆಂಟ್ ಸದಸ್ಯನಾಗಿದ್ದ ಕ್ರಾಮ್‌ವೆಲ್ ಶಾಸನದ ಪ್ರಕಾರ ಆ ಬಯಲಿನಲ್ಲಿ ಇರಲೇಬಾರದಿತ್ತು. ಅಶ್ವದಳಕ್ಕೆ ಅವನೇ ಬೇಕೆಂದು ಕೆಲವೇ ದಿನಗಳ ಹಿಂದೆ ಕೇಳಿ ಪಡೆದವನು ಫೇರ್‌ಫ್ಯಾಕ್ಸ್. ತನಗಿಂತ ಹೆಚ್ಚು ಹೊಗಳಿಸಿಕೊಳ್ಳಬಹುದಾದವನನ್ನು ತಾನೇ ಪಕ್ಕಕ್ಕೆ ಕರೆಸಿಕೊಳ್ಳುವುದು ಎಲ್ಲ ನಾಯಕರಿಗೂ ಸಾಧ್ಯವಾಗುವ ಕೆಲಸವಲ್ಲ. ಶಿರಸ್ತ್ರಾಣ ಕಳೆದುಕೊಂಡು ಬರಿತಲೆಯಲ್ಲೇ ಅವನು ಕಾದಾಡಿದ.

ನೇಸ್‌ಬಿಗಿಂತಲೂ ಅವನ ಸಾಮರ್ಥ್ಯ ತೋರುವುದು ಅದರ ನಂತರದ ವರ್ಷದಲ್ಲಿ. ಜುಲೈ 10ಕ್ಕೆ ಲ್ಯಾಂಗ್‌ಪೋರ್ಟ್, ಸೆಪ್ಟೆಂಬರ್ 10ಕ್ಕೆ ಬ್ರಿಸ್ಟಲ್, ಚಳಿಗಾಲದಲ್ಲೂ ನಿಲ್ಲದೆ 1646ರ ಜನವರಿಯಲ್ಲಿ ಡಾರ್ಟ್‌ಮತ್, ಫೆಬ್ರವರಿ 16ಕ್ಕೆ ಟಾರಿಂಗ್ಟನ್. ಅಲ್ಲಿ ಚರ್ಚಿನಲ್ಲಿ ಕೂಡಿಟ್ಟಿದ್ದ ಮದ್ದಿನ ಪೀಪಾಯಿಗಳು ಸಿಡಿದು ಸೀಸದ ಹಾಳೆಗಳು ಅವನ ಸುತ್ತ ಉದುರಿದವು. ಡಾರ್ಟ್‌ಮತ್‌ನಲ್ಲಿ ಸೆರೆ ಸಿಕ್ಕ ಕಾರ್ನ್‌ವಾಲಿನವರಿಗೆ ತಲಾ ಎರಡು ಶಿಲಿಂಗ್ ಕೊಟ್ಟು ಮನೆಗೆ ಕಳಿಸಿದ. ಊರು ಸೇರಿದ ಅವರ ಬಾಯಿಮಾತು ಕಾರ್ನ್‌ವಾಲನ್ನು ಫಿರಂಗಿಗಿಂತ ಬೇಗ ಒಲಿಸಿತು. ಜೂನ್ 24ರಂದು ಆಕ್ಸ್‌ಫರ್ಡ್ ಶರಣಾದಾಗ ಅವನು ಮೊದಲು ಮಾಡಿದ ಕೆಲಸ ಬಾಡ್ಲಿಯನ್ ಗ್ರಂಥಾಲಯಕ್ಕೆ ಕಾವಲು ಹಾಕಿದ್ದು. ಊರು ಹಿಡಿಯುವುದಷ್ಟೇ ಯುದ್ಧವಲ್ಲ, ಹಿಡಿದ ಊರು ಮತ್ತೆ ದಂಗೆಯೇಳದಂತೆ ನೋಡಿಕೊಳ್ಳುವುದೂ ಯುದ್ಧವೇ ಎಂದು ಅವನಿಗೆ ಗೊತ್ತಿತ್ತು. ಸೇನಾ ಇತಿಹಾಸ ಬರೆಯುವವರು ಈಗ ಈ ದಂಡಯಾತ್ರೆಗೆ ಹೆಚ್ಚು ತೂಕ ಕೊಡುತ್ತಾರೆ. ಅದು ಸರಿಯೂ ಹೌದು.

ಅವನ ಸ್ವಭಾವದ ಬಗ್ಗೆ ಸಮಕಾಲೀನ ವಕೀಲ ಬುಲ್‌ಸ್ಟ್ರೋಡ್ ವೈಟ್‌ಲಾಕ್ ಬರೆದಿಟ್ಟ ಚಿತ್ರ ಎಲ್ಲ ಪಂಥದವರಿಗೂ ಬೇಕಾದದ್ದು: ಸಭೆಯಲ್ಲಿ ಮಿತಭಾಷಿ, ಆದರೆ ಎಲ್ಲರ ಸಲಹೆಗೂ ವಿರುದ್ಧವಾಗಿ ಆಜ್ಞೆ ಹೊರಡಿಸಬಲ್ಲವನು, ರಣರಂಗದಲ್ಲಿ ಬೇರೆಯೇ ಮನುಷ್ಯ, ಹತ್ತಿರ ಹೋಗಿ ಮಾತನಾಡಲು ಯಾರಿಗೂ ಧೈರ್ಯವಾಗದಂಥವನು. ಅವನನ್ನು ಕೈಗೊಂಬೆ ಎನ್ನುವವರು ಈ ಸಾಕ್ಷ್ಯಕ್ಕೆ ಉತ್ತರ ಕೊಡಬೇಕು.

ಕೋಲ್ಚೆಸ್ಟರ್

1648ರಲ್ಲಿ ಎರಡನೆಯ ಯುದ್ಧ. ಸಂಧಿನೋವಿನಿಂದ ಪಾದ ಊದಿಕೊಂಡಿದ್ದರೂ ಜೂನ್ 1ರ ರಾತ್ರಿ ಸುರಿಯುವ ಮಳೆಯಲ್ಲಿ ಮೇಡ್‌ಸ್ಟನ್ನಿನ ಬೀದಿಗಳಲ್ಲಿ ಕಾದಾಡಿ ಕೆಂಟ್ ಪ್ರಾಂತವನ್ನು ಹತೋಟಿಗೆ ತಂದ. ಅಲ್ಲಿಂದ ತಪ್ಪಿಸಿಕೊಂಡವರು ಎಸೆಕ್ಸ್‌ನ ಕೋಲ್ಚೆಸ್ಟರ್ ಸೇರಿ ಬಾಗಿಲು ಹಾಕಿಕೊಂಡರು. ಹನ್ನೊಂದು ವಾರಗಳ ಮುತ್ತಿಗೆ. ಊರಿನವರು ಬಹುಪಾಲು ಪಾರ್ಲಿಮೆಂಟಿನ ಕಡೆಯವರೇ. ಒಳಗೆ ಸೇರಿಕೊಂಡ ಸೈನ್ಯ ಅವರಿಗೆ ಬೇಡವಾಗಿತ್ತು. ಆದರೂ ಹಸಿವು ಎಲ್ಲರಿಗೂ ಒಂದೇ. ಕುದುರೆ ಮುಗಿದ ಮೇಲೆ ನಾಯಿ, ಬೆಕ್ಕು. ಕಡೆಗೆ ಊರಿನ ಹೆಂಗಸರು ಕೋಟೆಯಿಂದ ಹೊರಬಂದಾಗ ಮುತ್ತಿಗೆಯವರು ಅವರನ್ನು ಹಿಂದಕ್ಕಟ್ಟಿದರು. ಒಳಗಿನವರು ಬೇಗ ಶರಣಾಗಲೆಂಬ ಲೆಕ್ಕಾಚಾರ. ಆಜ್ಞೆ ಫೇರ್‌ಫ್ಯಾಕ್ಸ್‌ನದು. ಕಾರ್ನ್‌ವಾಲಿನ ಸೆರೆಯಾಳುಗಳಿಗೆ ದಾರಿಖರ್ಚು ಕೊಟ್ಟ ಕೈ ಇದೇ ಎಂಬುದನ್ನು ನೆನೆದಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಆಗಸ್ಟ್ 28ರಂದು ಊರು ಶರಣಾಯಿತು. ಸಾಮಾನ್ಯ ಸೈನಿಕರಿಗೆ ಜೀವದಾನ. ಅಧಿಕಾರಿಗಳ ಗತಿ ಗೆದ್ದವನ ಇಚ್ಛೆಗೆ ಬಿಟ್ಟದ್ದು. ಅಂದು ಸಂಜೆಯೇ ಸರ್ ಚಾರ್ಲ್ಸ್ ಲ್ಯೂಕಸ್ ಮತ್ತು ಸರ್ ಜಾರ್ಜ್ ಲೈಲ್‌ರನ್ನು ಕೋಟೆಯ ಬಳಿ ಗುಂಡಿಟ್ಟು ಕೊಂದರು. ಅವರೊಡನೆ ಸಾಯಬೇಕಿದ್ದ ಗ್ಯಾಸ್ಕಾಯ್ನ್ ಇಟಲಿಯವನೆಂದು ಗೊತ್ತಾಗಿ ಉಳಿದುಕೊಂಡ.

ಇದರ ಬಗ್ಗೆ ಮೂರು ವಾದಗಳಿವೆ. ರಾಜಪಕ್ಷದವರಿಗೆ ಇದು ಕೊಲೆ. ಸತ್ತ ಇಬ್ಬರೂ ಹುತಾತ್ಮರು. ಅವರಲ್ಲೇ ಹಲವರು ತಪ್ಪನ್ನು ಫೇರ್‌ಫ್ಯಾಕ್ಸ್‌ನಿಂದ ಅವನ ಸಹವರ್ತಿ ಹೆನ್ರಿ ಐರ್ಟನ್ ಮೇಲೆ ಹೊರಿಸಿದರು. ಎರಡನೆಯದು ಫೇರ್‌ಫ್ಯಾಕ್ಸ್‌ನ ಸ್ವಂತ ಸಮರ್ಥನೆ: ಲ್ಯೂಕಸ್ ಹಿಂದೊಮ್ಮೆ ಸೆರೆ ಸಿಕ್ಕು, ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ಮುರಿದವನು, ಕರುಣೆಗೆ ಶರಣಾದವನ ಜೀವದ ಬಗ್ಗೆ ತೀರ್ಮಾನಿಸುವ ಹಕ್ಕು ಯುದ್ಧನಿಯಮದಲ್ಲಿದೆ. ಮೂರನೆಯದು ಇತ್ತೀಚಿನ ಸಂಶೋಧಕರದು. ಯುರೋಪಿನ ಆಗಿನ ರಣನೀತಿಯಲ್ಲಿ ಇದಕ್ಕೆ ಮೇಲ್ಪಂಕ್ತಿ ಇತ್ತು; ಬದಲಾದದ್ದು ನಿಯಮವಲ್ಲ, ಮನಃಸ್ಥಿತಿ. ದೇವರು ಒಮ್ಮೆ ಕೊಟ್ಟ ತೀರ್ಪನ್ನು ಧಿಕ್ಕರಿಸಿ ಮತ್ತೆ ರಕ್ತ ಹರಿಸಿದವರು ಎಂಬ ಕೋಪ ಸೇನೆಯಲ್ಲಿತ್ತು. ಈ ಮೂರನೆಯ ವಾದ ಹೆಚ್ಚು ಒಪ್ಪುವಂಥದ್ದು. ಅದನ್ನು ಒಪ್ಪಿದರೆ ಐದು ತಿಂಗಳ ನಂತರ ದೊರೆಯನ್ನು ಕೊಂದ ಕೋಪದಲ್ಲಿ ಫೇರ್‌ಫ್ಯಾಕ್ಸ್‌ಗೂ ಒಂದು ಕಾಲದಲ್ಲಿ ಪಾಲಿತ್ತು ಎಂದೂ ಒಪ್ಪಬೇಕಾಗುತ್ತದೆ.

ಆ ಚಳಿಗಾಲದ ಮೌನ

1647ರಲ್ಲೇ ಬಿರುಕು ಕಂಡಿತ್ತು. ಸಂಬಳ ಕೊಡದೆ ಸೇನೆ ವಿಸರ್ಜಿಸಲು ಪಾರ್ಲಿಮೆಂಟ್ ಹೊರಟಾಗ ಸೈನಿಕರು ತಮ್ಮದೇ ಪ್ರತಿನಿಧಿಗಳನ್ನು ಆರಿಸಿಕೊಂಡರು. ಜೂನ್‌ನಲ್ಲಿ ಜಾಯ್ಸ್ ಎಂಬ ಕಿರಿಯ ಅಧಿಕಾರಿ ಪಾರ್ಲಿಮೆಂಟಿನ ಸೆರೆಯಲ್ಲಿದ್ದ ದೊರೆಯನ್ನೇ ಹೋಮ್‌ಬಿಯಿಂದ ಎತ್ತಿಕೊಂಡು ಬಂದ. ಫೇರ್‌ಫ್ಯಾಕ್ಸ್ ಆಜ್ಞೆ ಕೊಟ್ಟಿರಲಿಲ್ಲ. ದೊರೆಯನ್ನು ಹಿಂದಕ್ಕೆ ಕಳಿಸಲು ನೋಡಿದ, ದೊರೆಯೇ ಒಪ್ಪಲಿಲ್ಲ. ಜಾಯ್ಸ್‌ಗೆ ಶಿಕ್ಷೆಯಾಗಲಿಲ್ಲ. ಆದರೆ ನವೆಂಬರ್ 15ರಂದು ವೇರ್ ಬಳಿ ಸೈನಿಕರು ಜನಸಮ್ಮತಿಯ ಒಪ್ಪಂದಪತ್ರವನ್ನು ಟೋಪಿಗೆ ಸಿಕ್ಕಿಸಿಕೊಂಡು ಬಂದಾಗ ಶಿಸ್ತು ಮರಳಿಸಿದವನೂ ಫೇರ್‌ಫ್ಯಾಕ್ಸ್; ರಿಚರ್ಡ್ ಆರ್ನಲ್ಡ್ ಎಂಬ ಸೈನಿಕನನ್ನು ಅಲ್ಲೇ ಗುಂಡಿಕ್ಕಲಾಯಿತು. ನಂತರದ ಕಥನಗಳು ಈ ಪ್ರಸಂಗದ ನಾಯಕತ್ವವನ್ನೂ ಕ್ರಾಮ್‌ವೆಲ್‌ಗೇ ಕೊಟ್ಟುಬಿಟ್ಟವು.

1648ರ ನವೆಂಬರಿನಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಅಧಿಕಾರಿಗಳ ಸಭೆ. ದೊರೆಯನ್ನು ವಿಚಾರಣೆಗೆ ಒಳಪಡಿಸಬೇಕೆಂಬ ಐರ್ಟನ್‌ನ ಕರಡನ್ನು ಫೇರ್‌ಫ್ಯಾಕ್ಸ್ ಮೊದಲು ವಿರೋಧಿಸಿದ, ಒಂದು ವಾರದಲ್ಲಿ ಒಪ್ಪಿದ. 20ರಂದು ಅದು ಅವನ ಪತ್ರದೊಡನೆಯೇ ಪಾರ್ಲಿಮೆಂಟಿಗೆ ಹೋಯಿತು. ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಕೆಳಮನೆಯ ಬಾಗಿಲಲ್ಲಿ ನಿಂತು ಸದಸ್ಯರನ್ನು ತಡೆದ. ತನಗೆ ಮುಂಚಿತವಾಗಿ ತಿಳಿದಿರಲಿಲ್ಲ ಎಂದು ಫೇರ್‌ಫ್ಯಾಕ್ಸ್ ಮುಂದೆ ಬರೆದ. ವಿಚಾರಣೆಗೆ ನೇಮಿಸಿದ 135 ಮಂದಿಯಲ್ಲಿ ಅವನ ಹೆಸರೂ ಇತ್ತು. ಜನವರಿ 8ರ ಮೊದಲ ಸಭೆಗೆ ಬಂದವನು ಮತ್ತೆ ಬರಲಿಲ್ಲ. 20ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ಅವನ ಹೆಸರು ಕೂಗಿದಾಗ, ಇಲ್ಲಿಗೆ ಬರುವಷ್ಟು ಅವಿವೇಕಿ ಅವನಲ್ಲ ಎಂದು ಗ್ಯಾಲರಿಯಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು. ಅವಳು ಆ್ಯನ್ ಫೇರ್‌ಫ್ಯಾಕ್ಸ್. ಡಚ್ ರಾಯಭಾರಿಗಳು ಅವನನ್ನು ಕಂಡು ದೊರೆಯ ಜೀವಕ್ಕಾಗಿ ಮೊರೆಯಿಟ್ಟರು. 30ರಂದು ದೊರೆ ವಧಾಸ್ಥಾನಕ್ಕೆ ನಡೆದ. ಸೇನಾಪತಿ ರಾಜೀನಾಮೆ ಕೊಡಲಿಲ್ಲ.

ಇದನ್ನು ವಿವರಿಸುವ ಮೊದಲ ಪಂಥ ರಾಜಪಕ್ಷದ ಇತಿಹಾಸಕಾರ ಕ್ಲಾರೆಂಡನ್‌ನದು: ಒಳ್ಳೆಯವನು, ಆದರೆ ಕ್ರಾಮ್‌ವೆಲ್‌ನ ಜಾಣತನಕ್ಕೆ ಸಿಕ್ಕಿದ ಮುಗ್ಧ. ಈ ಚಿತ್ರ ಎಲ್ಲರಿಗೂ ಅನುಕೂಲವಾಯಿತು; ಫೇರ್‌ಫ್ಯಾಕ್ಸ್‌ಗೂ ಕೂಡ. ಎರಡನೆಯ ಪಂಥ ಅವನ ಕೈ ಕಟ್ಟಿಹೋಗಿತ್ತೆನ್ನುತ್ತದೆ. ಆಸ್ಟಿನ್ ವುಲ್ರಿಚ್ ಅವರಂಥವರು ತೋರಿಸಿದ ಹಾಗೆ 1647ರಿಂದ ಸೇನೆ ಒಂದು ರಾಜಕೀಯ ಸಂಸ್ಥೆ. ಒಬ್ಬನ ಆಜ್ಞೆ ಅಲ್ಲಿ ಹಿಂದಿನಂತೆ ನಡೆಯುತ್ತಿರಲಿಲ್ಲ. ಅವನು ಬಿಟ್ಟು ಹೋದರೆ ಸೇನೆ ಇಬ್ಭಾಗವಾಗಿ ಮೂರನೆಯ ಯುದ್ಧ ಆಗುತ್ತಿತ್ತು ಎಂಬ ಭಯ ನಿಜವಾದದ್ದೇ. ಮೂರನೆಯದು ಆ್ಯಂಡ್ರ್ಯೂ ಹಾಪರ್ 2007ರ ತಮ್ಮ ಅಧ್ಯಯನದಲ್ಲಿ ಮುಂದಿಟ್ಟದ್ದು: ಅವನು ರಾಜಕೀಯ ತಿಳಿಯದವನಲ್ಲ, ಮನೆತನದ ಮಾನ, ಸೇನೆಯ ಒಗ್ಗಟ್ಟು, ಸ್ವಂತ ಅಂತಃಸಾಕ್ಷಿ ಇವನ್ನು ಅರಿತೇ ತೂಗಿದವನು.

ನನ್ನ ತೀರ್ಮಾನ ಹಾಪರ್ ಅವರ ಕಡೆಗೆ ವಾಲುತ್ತದೆ. ಕಾರಣ 1649ರ ಮೇ ತಿಂಗಳು. ಬರ್ಫರ್ಡ್‌ನಲ್ಲಿ ಲೆವೆಲರ್ ಸೈನಿಕರ ದಂಗೆಯನ್ನು ಅಡಗಿಸಲು ಅವನು ಕ್ರಾಮ್‌ವೆಲ್ ಜೊತೆ ತಾನೇ ಹೋದ, ಮೂವರನ್ನು ಚರ್ಚಿನ ಗೋಡೆಗೆ ನಿಲ್ಲಿಸಿ ಕೊಲ್ಲಲಾಯಿತು. ನಾಲ್ಕು ತಿಂಗಳ ಹಿಂದೆ ಆಜ್ಞಾಬಲ ಕಳೆದುಕೊಂಡಿದ್ದ ನಿಸ್ಸಹಾಯಕನ ನಡತೆ ಇದಲ್ಲ. 1650ರ ಜೂನ್‌ನಲ್ಲಿ ಸ್ಕಾಟ್ಲೆಂಡ್ ಮೇಲೆ ದಂಡೆತ್ತಿ ಹೋಗುವ ಪ್ರಸ್ತಾಪ ಬಂದಾಗ, ಕ್ರಾಮ್‌ವೆಲ್ ಸೇರಿದಂತೆ ಐವರು ಮನವೊಲಿಸಲು ಬಂದರೂ ಬಗ್ಗದೆ ಪದವಿ ಬಿಟ್ಟ. ಬೇಡ ಎನ್ನಲು ಅವನಿಗೆ ಬರುತ್ತಿತ್ತು. 1649ರ ಜನವರಿಯಲ್ಲಿ ಅವನು ಹಾಗೆನ್ನಲಿಲ್ಲ.

ಬರಹಗಳು ಕಟ್ಟಿದ ಮನುಷ್ಯ

ಯುದ್ಧ ಮುಗಿದೊಡನೆ, 1647ರಲ್ಲಿ, ಸೇನೆಯ ಪಾದ್ರಿ ಜೋಶುವಾ ಸ್ಪ್ರಿಗ್ ಬರೆದ ದಂಡಯಾತ್ರೆಯ ವೃತ್ತಾಂತ ಅವನನ್ನು ದೈವಚಿತ್ತದ ಸಾಧನವಾಗಿ ಚಿತ್ರಿಸಿತು. ಮಿಲ್ಟನ್ ಅವನ ಮೇಲೆ ಸಾನೆಟ್ ಬರೆದ. ಫೇರ್‌ಫ್ಯಾಕ್ಸ್‌ನ ಮಗಳಿಗೆ ಪಾಠ ಹೇಳಲು ನನ್ ಆ್ಯಪಲ್ಟನ್‌ನ ಮನೆಗೆ ಬಂದಿದ್ದ ಕವಿ ಆ್ಯಂಡ್ರ್ಯೂ ಮಾರ್ವೆಲ್ ಆ ಮನೆಯ ಮೇಲೆಯೇ ದೀರ್ಘ ಕವನ ರಚಿಸಿದ. ಫೇರ್‌ಫ್ಯಾಕ್ಸ್‌ನ ಸ್ವಂತ ಸ್ಮರಣೆಗಳು ಅಚ್ಚಾದದ್ದು ಅವನು ಸತ್ತ 28 ವರ್ಷಗಳ ನಂತರ, 1699ರಲ್ಲಿ, ಬಂಧು ಬ್ರಯನ್ ಫೇರ್‌ಫ್ಯಾಕ್ಸ್ ಮೂಲಕ. ಖಾಯಂ ಸೇನೆ ಬೇಕೆ ಬೇಡವೆ ಎಂಬ ಜಗಳ ಕಾವೇರಿದ್ದ ವರ್ಷಗಳು ಅವು. ಅಂತರ್ಯುದ್ಧದ ಹಲವು ಸ್ಮರಣೆಗಳು ಆಗ ಒಟ್ಟೊಟ್ಟಿಗೆ ಹೊರಬಂದವು, ಅವುಗಳಲ್ಲಿ ಲಡ್‌ಲೋನದು ಎಷ್ಟು ತಿದ್ದಿಸಿಕೊಂಡಿತ್ತೆಂದು ಬ್ಲೇರ್ ವರ್ಡನ್ ತೋರಿಸಿದ್ದಾರೆ.

1845ರಲ್ಲಿ ಕಾರ್ಲೈಲ್ ಕ್ರಾಮ್‌ವೆಲ್‌ನ ಪತ್ರ, ಭಾಷಣಗಳನ್ನು ಪ್ರಕಟಿಸಿದ ಮೇಲೆ ಫೇರ್‌ಫ್ಯಾಕ್ಸ್ ಪೂರ್ತಿ ನೆರಳಿಗೆ ಸರಿದ. ಕ್ರಾಮ್‌ವೆಲ್‌ನ ಮಾತುಗಳು ಗ್ರಂಥಗಟ್ಟಲೆ ಉಳಿದವು, ಇವನು ಮಾತೇ ಆಡದವನು. ಇತಿಹಾಸ ಮಾತಾಡಿದವರ ಕಡೆಗೆ ಒಲಿಯುವುದು ಸಹಜ. 1870ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಅವನಿಗೊಂದು ಅಭಿಮಾನದ ಜೀವನಚರಿತ್ರೆ ಬರೆದರು. ಸೇನೆಯ ಸಂಘಟನೆಯನ್ನು ಅಷ್ಟು ಚೆನ್ನಾಗಿ ಬಿಡಿಸಿಟ್ಟ ಫರ್ತ್ ಕೂಡ 1902ರ ತಮ್ಮ ಗ್ರಂಥಕ್ಕೆ ಕ್ರಾಮ್‌ವೆಲ್‌ನ ಸೇನೆ ಎಂದೇ ಹೆಸರಿಟ್ಟರು.

ಇನ್ನೂ ಬಗೆಹರಿಯದ್ದು

ಕೈಗೊಂಬೆ ಎಂಬ ವಾದ ಈಗ ಬಹುಮಟ್ಟಿಗೆ ಬಿದ್ದುಹೋಗಿದೆ. ಸೇನಾನಾಯಕನಾಗಿ ಅವನ ಯೋಗ್ಯತೆಯನ್ನೂ ಯಾರೂ ಗಂಭೀರವಾಗಿ ಪ್ರಶ್ನಿಸುತ್ತಿಲ್ಲ. ಉಳಿದಿರುವ ಗಂಟುಗಳು ಬೇರೆ. ಕೋಲ್ಚೆಸ್ಟರ್‌ನ ಮರಣದಂಡನೆಯಲ್ಲಿ ಐರ್ಟನ್‌ನ ಪಾಲೆಷ್ಟು, ಸೇನಾಪತಿಯದೆಷ್ಟು ಎಂಬುದು ಇತ್ಯರ್ಥವಾಗಿಲ್ಲ. ಪ್ರೈಡ್‌ನ ಕಾರ್ಯಾಚರಣೆ ಅವನ ಬೆನ್ನ ಹಿಂದೆ ನಡೆಯಿತೆಂಬುದಕ್ಕೆ ಮುಖ್ಯ ಆಧಾರ ಅವನದೇ ಮಾತು, ಅದೂ ರಾಜಸತ್ತೆ ಮರಳಿದ ಕಾಲದಲ್ಲಿ ಬರೆದದ್ದು. ವಧೆಯ ದಿನ ವೈಟ್‌ಹಾಲ್‌ನಲ್ಲಿ ಎದುರಾದ ಫೇರ್‌ಫ್ಯಾಕ್ಸ್, ಕೆಲಸ ಮುಗಿದದ್ದೇ ತಿಳಿಯದವನಂತೆ ದೊರೆ ಹೇಗಿದ್ದಾನೆ ಎಂದು ಕೇಳಿದನೆಂದು ದೊರೆಯ ಸೇವಕ ಥಾಮಸ್ ಹರ್ಬರ್ಟ್ ಬರೆದಿದ್ದಾನೆ. ಆ ಸಾಕ್ಷ್ಯವನ್ನು ನಂಬುವವರಷ್ಟೇ ಅನುಮಾನಿಸುವವರೂ ಇದ್ದಾರೆ.

ರಾಜಸತ್ತೆ ಮರಳಿದ 1660ರ ಪ್ರಶ್ನೆಯೂ ಇದೆ. ಜನವರಿಯಲ್ಲಿ ಅವನು ಯಾರ್ಕ್‌ಷೈರಿನಲ್ಲಿ ಕುದುರೆ ಏರಿದಾಗ ಜನರಲ್ ಲ್ಯಾಂಬರ್ಟ್‌ನ ಸೈನಿಕರು ಹಳೆಯ ದಂಡನಾಯಕನ ಕಡೆಗೆ ಸರಿದರು. ಹದಿನಾರು ವರ್ಷಗಳ ಹಿಂದೆ ನ್ಯಾಂಟ್‌ವಿಚ್‌ನಲ್ಲಿ ಅವನೇ ಸೆರೆಹಿಡಿದಿದ್ದ, ಈಗ ಸ್ಕಾಟ್ಲೆಂಡಿನಿಂದ ಸೇನೆಯೊಡನೆ ಬರುತ್ತಿದ್ದ ಜನರಲ್ ಮಾಂಕ್‌ಗೆ ಲಂಡನ್ನಿನ ದಾರಿ ತೆರೆಯಿತು. ಮೇ ತಿಂಗಳಲ್ಲಿ ಎರಡನೆಯ ಚಾರ್ಲ್ಸ್‌ನನ್ನು ಕರೆತರಲು ಹೇಗ್‌ಗೆ ಹೋದ ನಿಯೋಗದಲ್ಲಿ ಫೇರ್‌ಫ್ಯಾಕ್ಸ್ ಮುಂಚೂಣಿಯಲ್ಲಿದ್ದ. ಪದವಿ ಬಿಟ್ಟು ಹತ್ತು ವರ್ಷ ಕಳೆದಿದ್ದವನ ಹೆಸರಿಗೆ ಇಷ್ಟು ಸೈನಿಕರು ಕದಲಿದರೆಂದರೆ, ಆ ಪದವಿಯಲ್ಲೇ ಇದ್ದಾಗ, 1649ರ ಜನವರಿಯಲ್ಲಿ, ಅವನು ಹೀಗೆಯೇ ಕುದುರೆ ಏರಿದ್ದರೆ ಎಷ್ಟು ರೆಜಿಮೆಂಟುಗಳು ಅವನ ಹಿಂದೆ ಬರುತ್ತಿದ್ದವು? ಇದಕ್ಕೆ ಯಾವ ಪಂಥವೂ ಇನ್ನೂ ಒಪ್ಪುವಂಥ ಉತ್ತರ ಕೊಟ್ಟಿಲ್ಲ.